ದೂರದ ಗ್ರಹಗಳ ರತ್ನರಾಶಿ: ಇರುವುದು ಒಂದು, ತರುವುದು ಇನ್ನೊಂದು

ಭಾರತೀಯ ಪರಂಪರೆಯಲ್ಲಿ ನವರತ್ನಗಳಿಗೂ ನವಗ್ರಹಗಳಿಗೂ ನಂಟು ಕಲ್ಪಿಸಲಾಗಿದೆ. ಸೂರ್ಯನಿಗೆ ಮಾಣಿಕ್ಯ, ಚಂದ್ರನಿಗೆ ಮುತ್ತು, ಕುಜನಿಗೆ ಹವಳ, ಬುಧನಿಗೆ ಪಚ್ಚೆ, ಗುರುವಿಗೆ ಪುಷ್ಯರಾಗ, ಶುಕ್ರನಿಗೆ ವಜ್ರ, ಶನಿಗೆ ನೀಲ ಎಂಬುದು ರೂಢಿಯ ಲೆಕ್ಕ. ಆಧುನಿಕ ಖಗೋಳ ವಿಜ್ಞಾನವೂ ಗ್ರಹಗಳೊಂದಿಗೆ ರತ್ನಗಳನ್ನು ಜೋಡಿಸುತ್ತದೆ. ಆದರೆ ಅದರ ಲೆಕ್ಕ ಬೇರೆ. ವಿಜ್ಞಾನಿಗಳು ವಜ್ರವನ್ನು ಅರಸುತ್ತಿರುವುದು ಶುಕ್ರನಲ್ಲಲ್ಲ. ನೆಪ್ಚೂನ್, ಯುರೇನಸ್, ಶನಿ ಮತ್ತು ಬುಧ ಗ್ರಹಗಳ ಒಡಲಿನಲ್ಲಿ. ಇನ್ನು ಮುತ್ತು ಮತ್ತು ಹವಳಗಳು ಜೀವಿಗಳಿಂದ ಉಂಟಾಗುವ ವಸ್ತುಗಳಾದ್ದರಿಂದ, ಜೀವವಿರುವುದು ಖಚಿತವಾಗಿರುವ ಭೂಮಿಯ ಹೊರತು ಬೇರೆಲ್ಲಿಯೂ ಅವುಗಳನ್ನು ನಿರೀಕ್ಷಿಸುವಂತಿಲ್ಲ.

ಅನ್ಯಗ್ರಹಗಳಲ್ಲಿ ರತ್ನಗಳಿವೆಯೇ ಎಂಬ ಪ್ರಶ್ನೆಗೆ ಇಂದು ಸಾಕಷ್ಟು ಉತ್ತರಗಳು ದೊರೆತಿವೆ. ಅವುಗಳನ್ನು ಭೂಮಿಗೆ ತರಲು ಸಾಧ್ಯವೇ ಎಂಬುದು ಪ್ರತ್ಯೇಕ ಪ್ರಶ್ನೆ. ದೂರ, ಒತ್ತಡ, ತಾಪ, ಗುರುತ್ವ, ವೆಚ್ಚ, ಕಾನೂನು ಮತ್ತು ಕೊನೆಯದಾಗಿ ಮಾರುಕಟ್ಟೆ, ಇವೆಲ್ಲವೂ ಈ ಹಾದಿಗೆ ಅಡ್ಡವಾಗಿ ನಿಂತಿವೆ. ಬಾಹ್ಯಾಕಾಶದ ಸಂಪತ್ತಿನ ಹೆಸರಿನಲ್ಲಿ ಕಂಪನಿಗಳು ಹುಟ್ಟಿ ಹೂಡಿಕೆ ಸಂಗ್ರಹಿಸುತ್ತಿರುವ ಕಾಲದಲ್ಲಿ, ಈ ಅಡ್ಡಿಗಳ ನಿಜವಾದ ಅಳತೆಯನ್ನು ಅರಿಯುವುದು ಅಗತ್ಯ.

ರತ್ನ ಹುಟ್ಟುವ ಬಗೆ

ರತ್ನವೆಂದರೆ ಅಪರೂಪದ ಮೂಲವಸ್ತುವಲ್ಲ. ವಜ್ರ ಶುದ್ಧ ಇಂಗಾಲ. ಮಾಣಿಕ್ಯ ಮತ್ತು ನೀಲಗಳು ಅಲ್ಯೂಮಿನಿಯಂ ಆಕ್ಸೈಡ್. ಮೊದಲನೆಯದರಲ್ಲಿ ಕ್ರೋಮಿಯಂ, ಎರಡನೆಯದರಲ್ಲಿ ಕಬ್ಬಿಣ ಮತ್ತು ಟೈಟಾನಿಯಂ ಅಲ್ಪಾಂಶದಲ್ಲಿ ಬೆರೆತು ಬಣ್ಣ ನೀಡಿವೆ. ಓಪಲ್ ನೀರನ್ನು ಒಳಗೆ ಹಿಡಿದಿಟ್ಟುಕೊಂಡ ಸಿಲಿಕಾ. ಇಂಗಾಲ, ಅಲ್ಯೂಮಿನಿಯಂ, ಸಿಲಿಕಾನ್ ವಿಶ್ವದಲ್ಲಿ ಎಲ್ಲೆಡೆ ಇವೆ. ಅಪರೂಪವಾಗಿರುವುದು ಅವು ರತ್ನವಾಗಿ ಹರಳುಗಟ್ಟಲು ಬೇಕಾದ ಸಂದರ್ಭ.

ಭೂಮಿಯ ಬಹುತೇಕ ವಜ್ರಗಳು ನೆಲದಿಂದ ಸುಮಾರು 150ರಿಂದ 200 ಕಿ.ಮೀ. ಆಳದಲ್ಲಿ, ಭಾರೀ ಒತ್ತಡ ಮತ್ತು ತಾಪದಲ್ಲಿ ಹುಟ್ಟುತ್ತವೆ. ಅಷ್ಟು ಆಳಕ್ಕೆ ಯಾವ ಮನುಷ್ಯನೂ ಇಳಿದಿಲ್ಲ. ಕಿಂಬರ್ಲೈಟ್ ಎಂಬ ಶಿಲಾದ್ರವ ಅವುಗಳನ್ನು ಹೊತ್ತು ಅತಿವೇಗವಾಗಿ ಮೇಲೆದ್ದು ಬಂದ ಕಾರಣ ಅವು ಗಣಿಗಾರರ ಕೈಗೆ ಸಿಕ್ಕವು. ನಿಧಾನವಾಗಿ ಬಂದಿದ್ದರೆ, ಒತ್ತಡ ಕಡಿಮೆಯಾಗಿ ತಾಪ ಉಳಿದ ಸ್ಥಿತಿಯಲ್ಲಿ ಅದೇ ಇಂಗಾಲ ಪೆನ್ಸಿಲ್ ಕಡ್ಡಿಯ ಗ್ರಾಫೈಟ್ ಆಗಿ ಮಾರ್ಪಡುತ್ತಿತ್ತು. ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ವಜ್ರಕರೂರು ಸುತ್ತಮುತ್ತ ಇಂತಹ ಕಿಂಬರ್ಲೈಟ್ ಶಿಲೆಗಳಿವೆ.

ಅಂದರೆ ಭೂಮಿಯ ಮೇಲೆ ವಜ್ರದ ಗಣಿಗಾರಿಕೆಯ ಅತಿ ಕಠಿಣ ಭಾಗವನ್ನು ನಿಸರ್ಗವೇ ಮುಗಿಸಿಕೊಟ್ಟಿದೆ. ಮನುಷ್ಯ ಮಾಡುವುದು ಕೊನೆಯ ಹಂತದ ಕೆಲಸ ಮಾತ್ರ. ಅನ್ಯಗ್ರಹಗಳಲ್ಲಿ ಈ ಸಾಗಣೆಯ ಸೌಲಭ್ಯ ಕಂಡುಬಂದಿಲ್ಲ.

ಎಲ್ಲೆಲ್ಲಿ ಯಾವ ರತ್ನ?

ನೆಪ್ಚೂನ್ ಮತ್ತು ಯುರೇನಸ್ ಗ್ರಹಗಳಲ್ಲಿ ವಜ್ರವಿರಬಹುದೆಂಬ ವಿಚಾರವನ್ನು ಅಮೆರಿಕದ ಮಾರ್ವಿನ್ ರಾಸ್ 1981ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಮಂಡಿಸಿದರು. ಈ ಗ್ರಹಗಳಲ್ಲಿ ಮೀಥೇನ್ ಹೇರಳವಾಗಿದೆ. ಒಳಗೆ ಇಳಿದಂತೆ ಒತ್ತಡ ಮತ್ತು ತಾಪ ಏರಿ, ಮೀಥೇನ್ ಒಡೆದು, ಬೇರ್ಪಟ್ಟ ಇಂಗಾಲ ವಜ್ರವಾಗಿ ಕೆಳಗಿಳಿಯುತ್ತದೆ ಎಂಬುದು ಊಹೆ. ಇದೇ ಮುಂದೆ 'ವಜ್ರದ ಮಳೆ' ಎಂದು ಹೆಸರಾಯಿತು.

ಊಹೆಗೆ ಪ್ರಯೋಗದ ಬೆಂಬಲ ನಿಧಾನವಾಗಿ ಒದಗಿತು. 1999ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ತಂಡ ಮೀಥೇನನ್ನು ಎರಡು ವಜ್ರದ ತುದಿಗಳ ನಡುವೆ ಹಿಂಡಿ, ಲೇಸರ್‌ನಿಂದ ಕಾಯಿಸಿ, ವಜ್ರದ ಕಣಗಳನ್ನು ಪಡೆಯಿತು. 2017ರಲ್ಲಿ ಡೊಮಿನಿಕ್ ಕ್ರೌಸ್ ನೇತೃತ್ವದ ತಂಡ ಅಮೆರಿಕದ ಸ್ಲ್ಯಾಕ್ ಪ್ರಯೋಗಾಲಯದಲ್ಲಿ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಮೇಲೆ ಪ್ರಬಲ ಲೇಸರ್ ಪ್ರಹಾರ ನಡೆಸಿತು. ಭೂಮಿಯ ವಾಯುಒತ್ತಡದ ಸುಮಾರು 15 ಲಕ್ಷ ಪಟ್ಟು ಒತ್ತಡದಲ್ಲಿ, ಸುಮಾರು 5,000 ಡಿಗ್ರಿ ತಾಪದಲ್ಲಿ, ಪ್ಲಾಸ್ಟಿಕ್‌ನ ಇಂಗಾಲ ಅತಿಸೂಕ್ಷ್ಮ ವಜ್ರಗಳಾಗಿ ಮಾರ್ಪಟ್ಟದ್ದು ಕ್ಷಕಿರಣಗಳ ಮೂಲಕ ಕಂಡುಬಂತು. 2022ರಲ್ಲಿ ನೀರಿನ ಬಾಟಲಿಗೆ ಬಳಸುವ ಪೆಟ್ ಪ್ಲಾಸ್ಟಿಕ್‌ನಲ್ಲೂ ಇದೇ ಫಲ ದೊರೆಯಿತು. 2024ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗವು, ಇನ್ನೂ ಕಡಿಮೆ ಒತ್ತಡದಲ್ಲಿ, ಅಂದರೆ ಗ್ರಹದ ಇನ್ನೂ ಮೇಲಿನ ಪದರಗಳಲ್ಲಿಯೇ ವಜ್ರ ರೂಪುಗೊಳ್ಳಬಹುದೆಂದು ಸೂಚಿಸಿತು.

ಶನಿ ಮತ್ತು ಗುರು ಗ್ರಹಗಳ ವಿಷಯ ಸ್ವಲ್ಪ ಭಿನ್ನ. ಮೋನಾ ಡೆಲಿಟ್ಸ್ಕಿ ಮತ್ತು ಕೆವಿನ್ ಬೇನ್ಸ್ ಎಂಬ ವಿಜ್ಞಾನಿಗಳು 2013ರಲ್ಲಿ ಒಂದು ಅಂದಾಜು ಮುಂದಿಟ್ಟರು. ಶನಿಯ ಬಿರುಗಾಳಿಗಳಲ್ಲಿ ಸಿಡಿಲು ಮೀಥೇನನ್ನು ಸುಟ್ಟು ಮಸಿಯಾಗಿಸುತ್ತದೆ. ಮಸಿ ಕೆಳಗಿಳಿಯುತ್ತ ಗ್ರಾಫೈಟ್ ಆಗಿ, ಬಳಿಕ ವಜ್ರವಾಗುತ್ತದೆ. ಹೀಗೆ ವರ್ಷಕ್ಕೆ ಸುಮಾರು 1,000 ಟನ್ ವಜ್ರ ಹುಟ್ಟಬಹುದು ಎಂದರು. ಆದರೆ ಇನ್ನೂ ಆಳಕ್ಕೆ ಇಳಿದಾಗ ಆ ವಜ್ರಗಳೇ ಕರಗಿ ದ್ರವ ಇಂಗಾಲವಾಗುತ್ತವೆ ಎಂಬುದೂ ಅವರದೇ ಮಾತು. ಈ ಅಂದಾಜನ್ನು ಒಪ್ಪದ ವಿಜ್ಞಾನಿಗಳೂ ಇದ್ದಾರೆ.

ಬುಧ ಗ್ರಹದ ಮೇಲ್ಮೈಯಲ್ಲಿ ಗ್ರಾಫೈಟ್ ಇರುವುದನ್ನು ನಾಸಾದ ಮೆಸೆಂಜರ್ ನೌಕೆ ತೋರಿಸಿಕೊಟ್ಟಿತ್ತು. ಅದರ ಆಧಾರದ ಮೇಲೆ 2024ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬುಧನ ತಿರುಳು ಮತ್ತು ಅದರ ಹೊರಕವಚ ಸೇರುವಲ್ಲಿ, ನೆಲದಿಂದ ಸುಮಾರು 485 ಕಿ.ಮೀ. ಆಳದಲ್ಲಿ, 15ರಿಂದ 18 ಕಿ.ಮೀ. ದಪ್ಪದ ವಜ್ರದ ಪದರ ಇರಬಹುದೆಂದು ಲೆಕ್ಕ ಹಾಕಿತು. ಇದು ಒತ್ತಡದ ಪ್ರಯೋಗ ಮತ್ತು ಗಣಿತದ ಮಾದರಿಗಳಿಂದ ಬಂದ ತೀರ್ಮಾನವೇ ಹೊರತು ಕಣ್ಣಿಗೆ ಕಂಡದ್ದಲ್ಲ.

ಮೇಲ್ಮೈಯಲ್ಲಿಯೇ ರತ್ನದ ಕುರುಹು ಇರುವುದು ಮಂಗಳದಲ್ಲಿ. ಕಕ್ಷೆಯಲ್ಲಿ ಸುತ್ತುವ ನಾಸಾದ ನೌಕೆಯೊಂದು ಅಲ್ಲಿ ಓಪಲ್ ಜಾತಿಯ ಸಿಲಿಕಾವನ್ನು ಗುರುತಿಸಿದ ಸಂಗತಿ 2008ರಲ್ಲಿ ಪ್ರಕಟವಾಯಿತು. 2012ರಲ್ಲಿ ಗೇಲ್ ಕುಳಿಯಲ್ಲಿ ಇಳಿದ ಕ್ಯೂರಿಯಾಸಿಟಿ ರೋವರ್ ಕೂಡ ಬಂಡೆಗಳ ಬಿರುಕಿನ ಅಂಚಿನಲ್ಲಿ ಓಪಲ್ ಇರುವುದನ್ನು ಕಂಡಿತು. ಪೆರಿಡಾಟ್ ಎಂಬ ಹಸಿರು ರತ್ನದ ಮೂಲ ಖನಿಜವಾದ ಆಲಿವಿನ್ ಮಂಗಳದಲ್ಲಿ ಯಥೇಚ್ಛವಾಗಿದೆ. ಆದರೆ ಖನಿಜವಿರುವುದಕ್ಕೂ ಕೆತ್ತಿ ಉಂಗುರದಲ್ಲಿ ಕೂರಿಸಬಲ್ಲ ಸ್ವಚ್ಛ ಹರಳಿರುವುದಕ್ಕೂ ಬಹಳ ಅಂತರವಿದೆ. ಭೂಮಿಯಲ್ಲಿಯೂ ಆಲಿವಿನ್ ಸಾಮಾನ್ಯ, ಉತ್ತಮ ಪೆರಿಡಾಟ್ ವಿರಳ.

ಸೌರವ್ಯೂಹದ ಆಚೆ

ಇನ್ನೂ ದೂರದಲ್ಲಿ ಹೆಸರಾದದ್ದು ಕರ್ಕಾಟಕ ರಾಶಿಯ ದಿಕ್ಕಿನಲ್ಲಿ ಸುಮಾರು 40 ಜ್ಯೋತಿರ್ವರ್ಷ ದೂರವಿರುವ '55 ಕ್ಯಾಂಕ್ರಿ ಇ' ಎಂಬ ಗ್ರಹ. 2004ರಲ್ಲಿ ಪತ್ತೆಯಾದ ಇದು ಭೂಮಿಯ ಸುಮಾರು ಎಂಟು ಪಟ್ಟು ತೂಗುತ್ತದೆ. ತನ್ನ ನಕ್ಷತ್ರಕ್ಕೆ ಎಷ್ಟು ಸಮೀಪವಿದೆ ಎಂದರೆ ಅದರ ಒಂದು ವರ್ಷ ನಮ್ಮ 18 ಗಂಟೆಗಳಲ್ಲಿ ಮುಗಿಯುತ್ತದೆ. ಭಾರತೀಯ ಮೂಲದ ವಿಜ್ಞಾನಿ ನಿಕ್ಕು ಮಧುಸೂದನ್ ಮತ್ತು ಸಂಗಡಿಗರು 2012ರಲ್ಲಿ, ಈ ಗ್ರಹ ಇಂಗಾಲ ಪ್ರಧಾನವಾಗಿದ್ದು ಅದರ ತೂಕದ ಮೂರನೇ ಒಂದು ಭಾಗದಷ್ಟಾದರೂ ವಜ್ರವಾಗಿರಬಹುದೆಂದು ಸೂಚಿಸಿದರು. 'ವಜ್ರದ ಗ್ರಹ' ಎಂಬ ಹೆಸರು ಜಗತ್ತಿನಾದ್ಯಂತ ಹರಡಿತು. ಮರುವರ್ಷವೇ ಮತ್ತೊಂದು ತಂಡ ಆ ನಕ್ಷತ್ರದಲ್ಲಿ ಇಂಗಾಲದ ಪ್ರಮಾಣ ಮೊದಲು ಅಂದಾಜಿಸಿದ್ದಕ್ಕಿಂತ ಕಡಿಮೆಯಿದೆ ಎಂದು ತೋರಿಸಿತು. 2024ರಲ್ಲಿ ಜೇಮ್ಸ್ ವೆಬ್ ದೂರದರ್ಶಕದ ವೀಕ್ಷಣೆಗಳು ಅಲ್ಲಿ ಇಂಗಾಲದ ಅನಿಲಗಳಿಂದ ಕೂಡಿದ ವಾತಾವರಣ ಇರಬಹುದೆಂದು ಸೂಚಿಸಿದವು. ವಜ್ರದ ಮಾತು ಈಗ ಮೊದಲಿನಷ್ಟು ಗಟ್ಟಿಯಾಗಿಲ್ಲ.

2011ರಲ್ಲಿ ಮ್ಯಾಥ್ಯೂ ಬೇಲ್ಸ್ ನೇತೃತ್ವದ ತಂಡ ಸುಮಾರು 4,000 ಜ್ಯೋತಿರ್ವರ್ಷ ದೂರದ ಪಲ್ಸಾರ್ ಒಂದನ್ನು ಸುತ್ತುತ್ತಿರುವ ಕಾಯವನ್ನು ವರ್ಣಿಸಿತು. ಗುರು ಗ್ರಹಕ್ಕಿಂತ ತುಸು ಹೆಚ್ಚು ತೂಕದ ಈ ಕಾಯ ಸತ್ತ ನಕ್ಷತ್ರವೊಂದರ ಉಳಿಕೆ. ಬಹುಪಾಲು ಇಂಗಾಲದ ಹರಳು. ಪಲ್ಸಾರ್ ಸುತ್ತ ಅದರ ಒಂದು ಸುತ್ತು ಎರಡು ಗಂಟೆ ಹತ್ತು ನಿಮಿಷಗಳಲ್ಲಿ ಮುಗಿಯುತ್ತದೆ.

ಮೊದಲ ತೊಡಕು: ದೂರ

ನಕ್ಷತ್ರಗಳ ಮಾತನ್ನು ಒಂದೇ ಲೆಕ್ಕದಿಂದ ಬದಿಗಿಡಬಹುದು. ಸೌರವ್ಯೂಹದಿಂದ ಹೊರಗೆ ಸಾಗುತ್ತಿರುವ ನೌಕೆಗಳಲ್ಲಿ ಅತಿ ವೇಗದ್ದಾದ ವಾಯೇಜರ್-1 ಸೆಕೆಂಡಿಗೆ ಸುಮಾರು 17 ಕಿ.ಮೀ. ಕ್ರಮಿಸುತ್ತದೆ. ಈ ವೇಗದಲ್ಲಿ 55 ಕ್ಯಾಂಕ್ರಿ ಇ ಗ್ರಹವನ್ನು ಮುಟ್ಟಲು ಸುಮಾರು ಏಳು ಲಕ್ಷ ವರ್ಷ ಬೇಕು. ಹಿಂದಿರುಗಲು ಮತ್ತೆ ಅಷ್ಟೇ.

ಸೌರವ್ಯೂಹದೊಳಗಿನ ನೆಪ್ಚೂನ್ ಕೂಡ ಸಮೀಪದ್ದಲ್ಲ. ಸೂರ್ಯನಿಂದ ಅದರ ದೂರ ಸುಮಾರು 450 ಕೋಟಿ ಕಿ.ಮೀ. 1977ರ ಆಗಸ್ಟ್‌ನಲ್ಲಿ ಹೊರಟ ವಾಯೇಜರ್-2 ಅಲ್ಲಿಗೆ ತಲುಪಿದ್ದು 1989ರ ಆಗಸ್ಟ್‌ನಲ್ಲಿ. ಯುರೇನಸ್ ಮತ್ತು ನೆಪ್ಚೂನ್ ಎರಡನ್ನೂ ಸಮೀಪದಿಂದ ಕಂಡ ನೌಕೆ ಅದೊಂದೇ. ಅದೂ ಅಲ್ಲಿ ನಿಲ್ಲಲಿಲ್ಲ, ಹಾದುಹೋಯಿತು. ನಿಲ್ಲಬೇಕಾದರೆ ವೇಗ ತಗ್ಗಿಸಬೇಕು, ಅದಕ್ಕೆ ಇಂಧನ ಬೇಕು, ಆ ಇಂಧನವನ್ನು ಭೂಮಿಯಿಂದಲೇ ಹೊತ್ತೊಯ್ಯಬೇಕು. ಅಲ್ಲಿ ಸೂರ್ಯನ ಬೆಳಕು ಭೂಮಿಯಲ್ಲಿ ಬೀಳುವುದರ 900ರಲ್ಲಿ ಒಂದು ಪಾಲು ಮಾತ್ರ. ಸೌರಫಲಕಗಳು ನಿರುಪಯುಕ್ತ, ಪ್ಲುಟೋನಿಯಂನಿಂದ ವಿದ್ಯುತ್ ಪಡೆಯುವ ಸಾಧನ ಅನಿವಾರ್ಯ. ರೇಡಿಯೊ ಸಂದೇಶ ಒಂದು ದಿಕ್ಕಿನಲ್ಲಿ ಸಾಗಲು ಸುಮಾರು ನಾಲ್ಕು ಗಂಟೆ ಹಿಡಿಯುತ್ತದೆ. ಯಂತ್ರ ಸಿಕ್ಕಿಹಾಕಿಕೊಂಡ ಸುದ್ದಿ ಬಂದು, ಪರಿಹಾರದ ಆದೇಶ ಮರಳಿ ತಲುಪುವಾಗ ಎಂಟು ಗಂಟೆ ಕಳೆದಿರುತ್ತದೆ.

ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2022ರಲ್ಲಿ ಹೊರತಂದ ದಶಕದ ವರದಿಯು ಯುರೇನಸ್ ಸುತ್ತುವ ನೌಕೆ ಮತ್ತು ಅದರ ವಾತಾವರಣಕ್ಕೆ ಇಳಿಯುವ ಶೋಧಕವನ್ನು ದೊಡ್ಡ ಯೋಜನೆಗಳಲ್ಲಿ ಮೊದಲ ಆದ್ಯತೆಯಾಗಿ ಶಿಫಾರಸು ಮಾಡಿತು. ಅದರ ಉದ್ದೇಶ ಅಧ್ಯಯನ, ಗಣಿಗಾರಿಕೆಯಲ್ಲ.

ಎರಡನೆಯ ತೊಡಕು: ಒತ್ತಡ ಮತ್ತು ತಾಪ

ನೆಪ್ಚೂನ್‌ನಲ್ಲಿ ಕಾಲೂರಲು ನೆಲವೇ ಇಲ್ಲ. ಹೈಡ್ರೋಜನ್, ಹೀಲಿಯಂ ಮತ್ತು ಮೀಥೇನ್‌ಗಳ ವಾತಾವರಣ ಕ್ರಮೇಣ ದಟ್ಟವಾಗುತ್ತ ಬಿಸಿ ದ್ರವವಾಗಿ ಮಾರ್ಪಡುತ್ತದೆ. ಗಾಳಿಯ ವೇಗ ಗಂಟೆಗೆ 2,000 ಕಿ.ಮೀ. ಮುಟ್ಟುತ್ತದೆ. 2017ರ ಪ್ರಯೋಗದ ಪರಿಸ್ಥಿತಿ ಇರುವುದು ಸಾವಿರಾರು ಕಿ.ಮೀ. ಆಳದಲ್ಲಿ.

ಇಷ್ಟು ಆಳಕ್ಕೆ ಯಂತ್ರವನ್ನು ಇಳಿಸುವುದು ಎಂತಹ ಕೆಲಸ ಎಂಬುದಕ್ಕೆ ಮೂರು ನಿದರ್ಶನಗಳಿವೆ. ಗೆಲಿಲಿಯೊ ನೌಕೆಯಿಂದ ಬೇರ್ಪಟ್ಟ ಶೋಧಕ 1995ರ ಡಿಸೆಂಬರ್ 7ರಂದು ಸೆಕೆಂಡಿಗೆ ಸುಮಾರು 47 ಕಿ.ಮೀ. ವೇಗದಲ್ಲಿ ಗುರುವಿನ ವಾತಾವರಣವನ್ನು ಹೊಕ್ಕಿತು. ಅದರ ಉಷ್ಣಕವಚದ ಅರ್ಧಕ್ಕೂ ಹೆಚ್ಚು ಭಾಗ ಉರಿದುಹೋಯಿತು. ಸುಮಾರು ಒಂದು ಗಂಟೆ ಕಾಲ ಮಾಹಿತಿ ಕಳುಹಿಸಿ, ಭೂಮಿಯ ವಾಯುಒತ್ತಡದ 20 ಪಟ್ಟು ಮೀರಿದ ಹಂತದಲ್ಲಿ ಅದು ಮೌನವಾಯಿತು. ವಜ್ರ ಹುಟ್ಟುವ ಆಳದ ಒತ್ತಡವನ್ನು ಲಕ್ಷಗಳಲ್ಲಿ ಎಣಿಸಬೇಕು.

ಎರಡನೆಯದು ಶುಕ್ರ ಗ್ರಹದ್ದು. 1982ರ ಮಾರ್ಚ್ 1ರಂದು ಇಳಿದ ಸೋವಿಯತ್ ಒಕ್ಕೂಟದ ವೆನೆರಾ-13, ಸುಮಾರು 457 ಡಿಗ್ರಿ ಸೆಲ್ಸಿಯಸ್ ತಾಪ ಮತ್ತು 90 ಪಟ್ಟಿನ ಸಮೀಪದ ಒತ್ತಡದಲ್ಲಿ 127 ನಿಮಿಷ ಬದುಕಿತು. ಅದನ್ನು ಅಮೋಘ ಸಾಧನೆಯೆಂದು ಇಂದಿಗೂ ಪರಿಗಣಿಸಲಾಗುತ್ತದೆ.

ಮೂರನೆಯದು ನಮ್ಮದೇ ಭೂಮಿಯದು. ಸೋವಿಯತ್ ವಿಜ್ಞಾನಿಗಳು ಕೋಲಾ ಪರ್ಯಾಯದ್ವೀಪದಲ್ಲಿ 1970ರಲ್ಲಿ ಆರಂಭಿಸಿದ ಕೊಳವೆಬಾವಿ 1989ರಲ್ಲಿ 12,262 ಮೀಟರ್ ತಲುಪಿತು. ಆ ಆಳದಲ್ಲಿ 100 ಡಿಗ್ರಿ ನಿರೀಕ್ಷಿಸಿದ್ದರೆ ಎದುರಾದದ್ದು 180 ಡಿಗ್ರಿ. ಅದಕ್ಕಿಂತ ಕೆಳಗೆ ಕೊರೆಯಲಾಗಲಿಲ್ಲ. ಸ್ವಂತ ಗ್ರಹದಲ್ಲಿಯೇ ಹನ್ನೆರಡು ಕಿ.ಮೀ. ದಾಟಲು ಇಷ್ಟು ಕಷ್ಟವಾದರೆ, ಬುಧನಲ್ಲಿ 485 ಕಿ.ಮೀ. ಕೊರೆಯುವ ಮಾತು ಸದ್ಯಕ್ಕೆ ಲೆಕ್ಕದ ಹಾಳೆಯನ್ನು ಬಿಟ್ಟು ಹೊರಬರಲಾರದು.

ಕರ್ನಾಟಕದ ಓದುಗರಿಗೆ ಈ ಮಾತು ಹೊಸದಲ್ಲ. ಕೋಲಾರದ ಚಿನ್ನದ ಗಣಿಗಳು ಸುಮಾರು 3.2 ಕಿ.ಮೀ. ಆಳಕ್ಕೆ ಇಳಿದಿದ್ದವು. ಅತ್ಯಂತ ಆಳದಲ್ಲಿ ಬಂಡೆಯ ತಾಪ 60 ಡಿಗ್ರಿ ಮೀರುತ್ತಿತ್ತು. ಒತ್ತಡ ತಾಳದೆ ಬಂಡೆಗಳು ಸಿಡಿದು ಕಾರ್ಮಿಕರ ಪ್ರಾಣ ಹೋಗುತ್ತಿತ್ತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದಾಗ ಅಲ್ಲಿ ಚಿನ್ನ ಪೂರ್ತಿ ಬರಿದಾಗಿರಲಿಲ್ಲ. ಒಂದು ಗ್ರಾಂ ಚಿನ್ನ ತೆಗೆಯಲು ತಗಲುವ ವೆಚ್ಚ ಅದರ ಬೆಲೆಯನ್ನು ಮೀರಿತ್ತು. ಖನಿಜ ಸಂಪತ್ತು ಇರುವುದಕ್ಕೂ ಅದು ಲಾಭವಾಗುವುದಕ್ಕೂ ಇರುವ ಅಂತರವನ್ನು ಆ ಊರಿನ ಸಾವಿರಾರು ಕುಟುಂಬಗಳು ಸ್ವತಃ ಅನುಭವಿಸಿದವು.

ಮೂರನೆಯ ತೊಡಕು: ಹಿಂದಿರುಗುವುದು

ಹೋಗುವುದಕ್ಕಿಂತ ಕಠಿಣವಾದದ್ದು ಮರಳುವುದು. ಗ್ರಹವೊಂದರ ಸೆಳೆತದಿಂದ ತಪ್ಪಿಸಿಕೊಳ್ಳಲು ಬೇಕಾದ ವೇಗ ಚಂದ್ರನಲ್ಲಿ ಸೆಕೆಂಡಿಗೆ 2.4 ಕಿ.ಮೀ., ಮಂಗಳದಲ್ಲಿ 5 ಕಿ.ಮೀ., ಭೂಮಿಯಲ್ಲಿ 11.2 ಕಿ.ಮೀ. ಯುರೇನಸ್‌ನಲ್ಲಿ ಇದು ಸುಮಾರು 21, ನೆಪ್ಚೂನ್‌ನಲ್ಲಿ ಸುಮಾರು 23.5, ಶನಿಯಲ್ಲಿ 35 ಮತ್ತು ಗುರುವಿನಲ್ಲಿ 59 ಕಿ.ಮೀ.ಗೂ ಅಧಿಕ. ವೇಗದ ಅಗತ್ಯ ಹೆಚ್ಚಿದಂತೆ ಇಂಧನದ ಅಗತ್ಯ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಗುಣಾಕಾರದ ರೀತಿಯಲ್ಲಿ ಬೆಳೆಯುತ್ತದೆ. ಏಕೆಂದರೆ ಇಂಧನವನ್ನು ಎತ್ತಲೂ ಇಂಧನವೇ ಬೇಕು. ಭೂಮಿಯಿಂದ ಮೇಲೇರುವ ರಾಕೆಟ್ಟಿನ ತೂಕದಲ್ಲಿ ಬಹುಪಾಲು ಇಂಧನವೇ ಇರುವುದು ಈ ಕಾರಣದಿಂದ. ನೆಪ್ಚೂನ್‌ನಲ್ಲಿ ಉಡಾವಣಾ ವೇದಿಕೆಗೆ ನೆಲವೂ ಇಲ್ಲ, ಇಂಧನ ತುಂಬಿಸುವವರೂ ಇಲ್ಲ.

ವಜ್ರಕ್ಕೆ ಇನ್ನೊಂದು ಅಪಾಯವಿದೆ. ಸಾವಿರಾರು ಡಿಗ್ರಿ ತಾಪದಲ್ಲಿರುವ ವಜ್ರವನ್ನು ಮೇಲೆ ತರುವಾಗ, ತಣಿಯುವ ಮೊದಲೇ ಒತ್ತಡ ಇಳಿದರೆ ಅದು ಗ್ರಾಫೈಟ್ ಆಗಿಬಿಡುತ್ತದೆ. ಸಾವಿರಾರು ಕಿ.ಮೀ. ಪ್ರಯಾಣದುದ್ದಕ್ಕೂ ಒತ್ತಡವನ್ನು ಕಾಪಾಡುವ ಪೆಟ್ಟಿಗೆ ಬೇಕಾಗುತ್ತದೆ. ಅಂತಹ ಪೆಟ್ಟಿಗೆಗೆ ಬೇಕಾದ ವಸ್ತು ಮನುಷ್ಯನ ಬಳಿ ಇಲ್ಲ.

ಈವರೆಗೆ ಮಾನವಕುಲ ತಂದದ್ದೆಷ್ಟು ಎಂಬುದನ್ನು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. 1969ರಿಂದ 1972ರವರೆಗೆ ಆರು ಅಪೊಲೊ ಯಾನಗಳು ಚಂದ್ರನಿಂದ 382 ಕೆ.ಜಿ. ಕಲ್ಲು ಮಣ್ಣು ತಂದವು. ಸೋವಿಯತ್ ಒಕ್ಕೂಟದ ಲೂನಾ-16 ಮಾನವರಹಿತವಾಗಿ 1970ರಲ್ಲಿ 101 ಗ್ರಾಂ ತಂದಿತು. ಚೀನಾದ ಚಾಂಗ್'ಇ-5 ನೌಕೆ 2020ರಲ್ಲಿ 1,731 ಗ್ರಾಂ, ಚಾಂಗ್'ಇ-6 ನೌಕೆ 2024ರಲ್ಲಿ ಚಂದ್ರನ ಆಚೆ ಬದಿಯಿಂದ 1,935 ಗ್ರಾಂ ತಂದವು. ಜಪಾನಿನ ಹಯಾಬುಸಾ-2, ರ್‍ಯೂಗು ಕ್ಷುದ್ರಗ್ರಹದಿಂದ 2020ರಲ್ಲಿ ತಂದದ್ದು ಸುಮಾರು 5.4 ಗ್ರಾಂ. ಅಮೆರಿಕದ ಒಸೈರಿಸ್-ರೆಕ್ಸ್, ಬೆನ್ನು ಕ್ಷುದ್ರಗ್ರಹದಿಂದ 2023ರಲ್ಲಿ ತಂದದ್ದು 121.6 ಗ್ರಾಂ. ಭೂಮಿಯ ಹೊರತಾದ ಯಾವುದೇ ಗ್ರಹದಿಂದ ಯಾವ ನೌಕೆಯೂ ಈವರೆಗೆ ಒಂದು ಕಣವನ್ನೂ ತಂದಿಲ್ಲ.

ವೆಚ್ಚದ ಲೆಕ್ಕ

ಒಸೈರಿಸ್-ರೆಕ್ಸ್ ಯೋಜನೆಗೆ ತಗಲಿದ ವೆಚ್ಚ ಸುಮಾರು 116 ಕೋಟಿ ಡಾಲರ್. ತಂದ ಮಾದರಿಯ ತೂಕದಿಂದ ಭಾಗಿಸಿದರೆ ಗ್ರಾಂ ಒಂದಕ್ಕೆ ಸುಮಾರು 95 ಲಕ್ಷ ಡಾಲರ್ ಆಗುತ್ತದೆ. ಒಂದು ಕ್ಯಾರೆಟ್ ಎಂದರೆ 0.2 ಗ್ರಾಂ. ಅಂದರೆ ಕ್ಯಾರೆಟ್ ಒಂದಕ್ಕೆ ಸುಮಾರು 19 ಲಕ್ಷ ಡಾಲರ್. ಉತ್ತಮ ದರ್ಜೆಯ ಒಂದು ಕ್ಯಾರೆಟ್ ವಜ್ರ ಅಂಗಡಿಯಲ್ಲಿ ಕೆಲವು ಸಾವಿರ ಡಾಲರ್‌ಗೆ ದೊರೆಯುತ್ತದೆ. ಬೆನ್ನು ಅತಿ ಸುಲಭದ ಗುರಿಗಳಲ್ಲಿ ಒಂದು ಎಂಬುದನ್ನೂ ಮರೆಯುವಂತಿಲ್ಲ. ಭೂಮಿಗೆ ಸಮೀಪ ಬರುವ, ಸೆಳೆತವೇ ಇಲ್ಲವೆನ್ನಬಹುದಾದ ಪುಟ್ಟ ಕಾಯ ಅದು.

ಮಂಗಳದ ಉದಾಹರಣೆ ಇನ್ನೂ ಕಣ್ತೆರೆಸುವಂಥದ್ದು. 2021ರ ಫೆಬ್ರುವರಿಯಲ್ಲಿ ಇಳಿದ ಪರ್ಸಿವಿಯರೆನ್ಸ್ ರೋವರ್ ಬಂಡೆಗಳ ಮಾದರಿಗಳನ್ನು ಕೊಳವೆಗಳಲ್ಲಿ ತುಂಬಿಸಿದೆ. ಅವುಗಳನ್ನು ಭೂಮಿಗೆ ತರುವ ಯೋಜನೆಗೆ 800 ಕೋಟಿಯಿಂದ 1,100 ಕೋಟಿ ಡಾಲರ್ ಬೇಕಾಗಬಹುದೆಂದು ಸ್ವತಂತ್ರ ಪರಿಶೀಲನಾ ಮಂಡಳಿ 2023ರಲ್ಲಿ ತಿಳಿಸಿತು. 1,100 ಕೋಟಿ ಡಾಲರ್ ವೆಚ್ಚವನ್ನೂ 2040ರವರೆಗಿನ ಕಾಯುವಿಕೆಯನ್ನೂ ಒಪ್ಪಲಾಗದು ಎಂದು ನಾಸಾ 2024ರ ಏಪ್ರಿಲ್‌ನಲ್ಲಿ ಘೋಷಿಸಿ ಬೇರೆ ಹಾದಿಗಳನ್ನು ಹುಡುಕತೊಡಗಿತು.

ಒಡೆತನ ಯಾರದು?

ವಿಜಯನಗರದ ಕಾಲದಲ್ಲಿ ನಿರ್ದಿಷ್ಟ ತೂಕ ಮೀರಿದ ವಜ್ರಗಳು ಅರಸನ ಬೊಕ್ಕಸಕ್ಕೆ ಸೇರಬೇಕೆಂಬ ಕಟ್ಟಳೆ ಇದ್ದುದನ್ನು ಪೋರ್ಚುಗೀಸ್ ಬರಹಗಾರ ನೂನಿಜ್ ದಾಖಲಿಸಿದ್ದಾನೆ. ನೆಲದ ಒಡೆಯನಾರೆಂದು ಅಲ್ಲಿ ಸಂಶಯವಿರಲಿಲ್ಲ. ಬಾಹ್ಯಾಕಾಶದಲ್ಲಿ ಒಡೆಯನೇ ಇಲ್ಲ. 1967ರ ಬಾಹ್ಯಾಕಾಶ ಒಪ್ಪಂದದ ಎರಡನೇ ವಿಧಿಯ ಪ್ರಕಾರ ಚಂದ್ರನ ಮೇಲಾಗಲಿ ಇತರ ಆಕಾಶಕಾಯಗಳ ಮೇಲಾಗಲಿ ಯಾವ ರಾಷ್ಟ್ರವೂ ಸಾರ್ವಭೌಮತ್ವ ಸ್ಥಾಪಿಸುವಂತಿಲ್ಲ. ಆದರೆ ಅಲ್ಲಿಂದ ಅಗೆದು ತೆಗೆದ ವಸ್ತುವಿನ ಒಡೆತನದ ಬಗ್ಗೆ ಒಪ್ಪಂದ ಸ್ಪಷ್ಟವಾಗಿ ಹೇಳುವುದಿಲ್ಲ.

1979ರ ಚಂದ್ರ ಒಪ್ಪಂದವು ಈ ಸಂಪತ್ತನ್ನು ಮನುಕುಲದ ಸಮಾನ ಆಸ್ತಿ ಎಂದು ಕರೆಯಿತು. ಪ್ರಮುಖ ಬಾಹ್ಯಾಕಾಶ ರಾಷ್ಟ್ರಗಳು ಅದರಿಂದ ದೂರ ಉಳಿದವು. ಭಾರತ 1982ರಲ್ಲಿ ಸಹಿ ಹಾಕಿದರೂ ಅನುಮೋದಿಸಲಿಲ್ಲ. ಅಮೆರಿಕ 2015ರಲ್ಲಿ, ಲಕ್ಸೆಂಬರ್ಗ್ 2017ರಲ್ಲಿ, ತೆಗೆದ ಖನಿಜದ ಮೇಲೆ ಖಾಸಗಿ ಕಂಪನಿಗಳ ಹಕ್ಕನ್ನು ಮಾನ್ಯ ಮಾಡುವ ಕಾಯಿದೆಗಳನ್ನು ಜಾರಿಗೆ ತಂದವು. ಖನಿಜ ತೆಗೆಯುವುದೇ ಸಾರ್ವಭೌಮತ್ವದ ಹೇರಿಕೆಯಾಗದು ಎನ್ನುವ ಆರ್ಟೆಮಿಸ್ ಒಡಂಬಡಿಕೆಗೆ ಭಾರತ 2023ರ ಜೂನ್‌ನಲ್ಲಿ ಸೇರಿತು. ರಾಕೆಟ್ ಇರುವ ಬೆರಳೆಣಿಕೆಯ ದೇಶಗಳು ಮಾಡುವ ನಿಯಮ ರಾಕೆಟ್ ಇಲ್ಲದ ದೇಶಗಳಿಗೆ ನ್ಯಾಯ ಒದಗಿಸುವುದೇ ಎಂಬ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ.

ಕೈಸುಟ್ಟುಕೊಂಡ ಕಂಪನಿಗಳು

ಕ್ಷುದ್ರಗ್ರಹಗಳಿಂದ ಬೆಲೆಬಾಳುವ ಲೋಹ ಮತ್ತು ನೀರನ್ನು ತೆಗೆಯುವ ಉದ್ದೇಶವನ್ನು ಪ್ಲಾನೆಟರಿ ರಿಸೋರ್ಸಸ್ ಎಂಬ ಅಮೆರಿಕದ ಕಂಪನಿ 2012ರಲ್ಲಿ ಪ್ರಕಟಿಸಿತು. ಹೆಸರಾಂತ ಉದ್ಯಮಿಗಳು ಅದರಲ್ಲಿ ಹಣ ತೊಡಗಿಸಿದ್ದರು. ಕ್ಷುದ್ರಗ್ರಹವೊಂದನ್ನು ಮುಟ್ಟುವ ಮೊದಲೇ ಹಣದ ಮುಗ್ಗಟ್ಟು ಎದುರಾಗಿ 2018ರಲ್ಲಿ ಅದು ಬೇರೆ ಕಂಪನಿಯ ಪಾಲಾಯಿತು. ಇದೇ ಹಾದಿಯ ಡೀಪ್ ಸ್ಪೇಸ್ ಇಂಡಸ್ಟ್ರೀಸ್ 2019ರಲ್ಲಿ ಮಾರಾಟವಾಯಿತು. ಆಸ್ಟ್ರೋಫೋರ್ಜ್ ಕಂಪನಿ 2025ರ ಫೆಬ್ರುವರಿಯಲ್ಲಿ ಕ್ಷುದ್ರಗ್ರಹವೊಂದರ ಕಡೆಗೆ ಕಳುಹಿಸಿದ ಓಡಿನ್ ನೌಕೆ ಸಂಪರ್ಕ ಕಳೆದುಕೊಂಡಿತು. ಇವೆಲ್ಲ ಭೂಮಿಯ ಸಮೀಪದ ಕಾಯಗಳನ್ನು ಗುರಿಯಾಗಿಸಿದ ಪ್ರಯತ್ನಗಳು.

ಮಾರುಕಟ್ಟೆಯ ತಿರುವು

ಎಲ್ಲ ತೊಡಕುಗಳೂ ನೀಗಿ, ಟನ್ನುಗಟ್ಟಲೆ ವಜ್ರ ಭೂಮಿಗೆ ಬಂತೆಂದೇ ಭಾವಿಸಿದರೂ ಲಾಭ ಖಚಿತವಲ್ಲ. ರತ್ನದ ಬೆಲೆ ನಿಂತಿರುವುದು ಅದರ ವಿರಳತೆಯ ಮೇಲೆ. ಶತಮಾನಗಳ ಕಾಲ ಜಗತ್ತಿಗೆ ವಜ್ರ ಒದಗಿಸಿದ್ದು ಮುಖ್ಯವಾಗಿ ಭಾರತ. 18ನೇ ಶತಮಾನದ ಮೊದಲಾರ್ಧದಲ್ಲಿ ಬ್ರೆಜಿಲ್‌ನ ವಜ್ರ ಮಾರುಕಟ್ಟೆಗೆ ನುಗ್ಗಿದಾಗ ಬೆಲೆ ಕುಸಿಯಿತು. 1867ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ವಜ್ರ ಪತ್ತೆಯಾಗಿ ರಾಶಿ ರಾಶಿ ಹೊರಬರತೊಡಗಿದಾಗ, ಪೂರೈಕೆಗೆ ಕಡಿವಾಣ ಹಾಕಲೆಂದೇ ಗಣಿಗಳನ್ನು ಒಂದುಗೂಡಿಸಿ 1888ರಲ್ಲಿ ಡಿ ಬೀರ್ಸ್ ಸಂಸ್ಥೆಯನ್ನು ಕಟ್ಟಲಾಯಿತು.

ಈಗ ಅದಕ್ಕಿಂತ ದೊಡ್ಡ ಪೈಪೋಟಿ ಪ್ರಯೋಗಾಲಯದ್ದು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಟ್ರೇಸಿ ಹಾಲ್ 1954ರ ಡಿಸೆಂಬರ್‌ನಲ್ಲಿ ಕೃತಕ ವಜ್ರ ತಯಾರಿಸಿದರು. ಇಂದು ಮೀಥೇನ್ ಅನಿಲದಿಂದಲೇ, ನಿರ್ವಾತಕ್ಕೆ ಸಮೀಪದ ಒತ್ತಡದಲ್ಲಿ, ಪದರ ಪದರವಾಗಿ ವಜ್ರ ಬೆಳೆಸುವ ತಂತ್ರ ಸೂರತ್‌ನ ಕಾರ್ಖಾನೆಗಳಲ್ಲಿ ಬಳಕೆಯಲ್ಲಿದೆ. ನೆಪ್ಚೂನ್‌ನ ಕಚ್ಚಾವಸ್ತುವೇ ಇಲ್ಲಿಯೂ ಕಚ್ಚಾವಸ್ತು. ಇಂತಹ ವಜ್ರ ರಾಸಾಯನಿಕವಾಗಿ ಗಣಿಯ ವಜ್ರಕ್ಕೆ ಸಮಾನ. ಬೆಲೆ ಮಾತ್ರ ಬಹಳ ಕಡಿಮೆ. ರಫ್ತು ಆದಾಯದ ಬಹುಪಾಲನ್ನು ವಜ್ರದಿಂದ ಪಡೆಯುತ್ತಿದ್ದ ಬೋಟ್ಸ್ವಾನಾದಂತಹ ದೇಶಗಳಿಗೆ ನಿಜವಾದ ಆತಂಕ ಬಂದಿರುವುದು ಅನ್ಯಗ್ರಹಗಳಿಂದಲ್ಲ, ಈ ಕಾರ್ಖಾನೆಗಳಿಂದ.

ತಾನಾಗಿ ಬಂದಿಳಿದ ರತ್ನಗಳು

ಮನುಷ್ಯ ತರಲಾರದ ರತ್ನಗಳನ್ನು ಉಲ್ಕೆಗಳು ಆಗಾಗ ತಂದಿವೆ. 1886ರಲ್ಲಿ ರಷ್ಯಾದ ನೋವೊ ಉರೈ ಎಂಬಲ್ಲಿ ಬಿದ್ದ ಉಲ್ಕಾಶಿಲೆಯಲ್ಲಿ ವಜ್ರದ ಕಣಗಳು ಕಂಡುಬಂದವು. ಸೈಬೀರಿಯಾದ ಕ್ರಾಸ್ನೊಯಾರ್ಸ್ಕ್ ಬಳಿ 18ನೇ ಶತಮಾನದಲ್ಲಿ ದೊರೆತು, ಪೀಟರ್ ಪಲ್ಲಾಸ್ ವರ್ಣಿಸಿದ ಶಿಲೆಯ ಜಾತಿಗೆ ಪಲ್ಲಾಸೈಟ್ ಎಂದು ಹೆಸರು. ಕಬ್ಬಿಣದ ಬಲೆಯಲ್ಲಿ ಸಿಲುಕಿದ ಹಳದಿಹಸಿರು ಆಲಿವಿನ್ ಹರಳುಗಳಿಂದ ಕೂಡಿದ ಈ ಉಲ್ಕೆಗಳಿಂದ ಕೆತ್ತಿದ ಪೆರಿಡಾಟ್‌ಗಳು ಸಂಗ್ರಾಹಕರ ಬಳಿ ಇವೆ.

2008ರ ಅಕ್ಟೋಬರ್ 7ರಂದು ಸುಡಾನ್ ಮರುಭೂಮಿಯ ಮೇಲೆ ಸಿಡಿದ ಪುಟ್ಟ ಕ್ಷುದ್ರಗ್ರಹವೊಂದರ ಚೂರುಗಳಲ್ಲೂ ವಜ್ರಗಳಿದ್ದವು. ಅವುಗಳೊಳಗೆ ಸಿಲುಕಿದ್ದ ಅನ್ಯ ಖನಿಜಗಳನ್ನು ಪರೀಕ್ಷಿಸಿದ 2018ರ ಅಧ್ಯಯನವೊಂದು, ಬುಧ ಅಥವಾ ಮಂಗಳದಷ್ಟು ದೊಡ್ಡದಾಗಿದ್ದು ಸೌರವ್ಯೂಹದ ಬಾಲ್ಯದಲ್ಲಿಯೇ ನಾಶವಾದ ಗ್ರಹಭ್ರೂಣದ ಒಡಲಲ್ಲಿ ಅವು ಹುಟ್ಟಿರಬಹುದು ಎಂದಿತು. ಆಭರಣಕ್ಕೆ ಅವು ನಿಷ್ಪ್ರಯೋಜಕ. ಆದರೆ ಇಲ್ಲವಾದ ಗ್ರಹವೊಂದರ ಸಾಕ್ಷಿಯಾಗಿ ಅವಕ್ಕೆ ಬೆಲೆ ಕಟ್ಟಲಾಗದು. ರತ್ನದಲ್ಲಿ ಆಭರಣಕಾರ ದೋಷವೆಂದು ತಳ್ಳಿಹಾಕುವ ಒಳಗಿನ ಕಲೆಯೇ ವಿಜ್ಞಾನಿಗೆ ಪರಮ ಮೌಲ್ಯದ್ದು.

ಭಾರತದ ಹೆಜ್ಜೆ

ಅನ್ಯಲೋಕದ ವಸ್ತುವನ್ನು ತರುವ ವಿದ್ಯೆಯನ್ನು ಭಾರತವೂ ಕಲಿಯುತ್ತಿದೆ. 2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿದ ಚಂದ್ರಯಾನ-3ರ ವಿಕ್ರಮ್, ಸೆಪ್ಟೆಂಬರ್ ಮೊದಲ ವಾರದಲ್ಲಿ ತನ್ನ ಎಂಜಿನ್‌ಗಳನ್ನು ಮತ್ತೆ ಉರಿಸಿ ಸುಮಾರು 40 ಸೆಂ.ಮೀ. ಎತ್ತರಕ್ಕೆ ಜಿಗಿದು ಪಕ್ಕದಲ್ಲಿ ಇಳಿಯಿತು. ಹಿಂದಿರುಗುವ ಪ್ರಯಾಣದ ಮೊದಲ ಪಾಠ ಅದು. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಚಂದ್ರನ ಮಣ್ಣು ತರುವ ಚಂದ್ರಯಾನ-4 ಯೋಜನೆಗೆ 2,104.06 ಕೋಟಿ ರೂಪಾಯಿ ಮಂಜೂರು ಮಾಡಿತು. ಅದಕ್ಕೆ ಅಗತ್ಯವಾದ, ಕಕ್ಷೆಯಲ್ಲಿ ಎರಡು ನೌಕೆಗಳನ್ನು ಜೋಡಿಸುವ ತಂತ್ರವನ್ನು ಇಸ್ರೊ 2025ರ ಜನವರಿಯಲ್ಲಿ ಸ್ಪೇಡೆಕ್ಸ್ ಪ್ರಯೋಗದಲ್ಲಿ ಸಾಧಿಸಿತು. ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿರುವ 32 ಮೀಟರ್ ವ್ಯಾಸದ ಆಂಟೆನಾ ದೂರದ ನೌಕೆಗಳ ಕ್ಷೀಣ ಸಂಕೇತಗಳನ್ನು ಆಲಿಸುವ ಕೆಲಸ ಮಾಡುತ್ತದೆ.

ಈ ಯಾವ ಯೋಜನೆಯೂ ರತ್ನಕ್ಕಾಗಿ ಅಲ್ಲ. ಚಂದ್ರನಲ್ಲಿ ಜಿಗಿದ 40 ಸೆಂಟಿಮೀಟರ್‌ಗೂ ನೆಪ್ಚೂನ್‌ನ ವಜ್ರದ ಮಳೆಗೂ ನಡುವಿನ ಅಂತರ 450 ಕೋಟಿ ಕಿ.ಮೀ.ಗಿಂತಲೂ ಹಿರಿದು. ಅಲ್ಲಿನ ವಜ್ರವನ್ನು ತರುವ ಯಂತ್ರ ಮುಂದೊಂದು ದಿನ ಸಿದ್ಧವಾದರೂ, ಅಂತಹ ಯಂತ್ರ ಕಟ್ಟಬಲ್ಲ ಸಮಾಜಕ್ಕೆ ವಜ್ರವನ್ನು ಮನೆಯಲ್ಲಿಯೇ ಬೆಳೆಸಿಕೊಳ್ಳುವುದು ಅದಕ್ಕಿಂತ ಎಷ್ಟೋ ಸುಲಭವಾಗಿರುತ್ತದೆ. ಆದ್ದರಿಂದ ದೂರದ ಗ್ರಹಗಳ ರತ್ನರಾಶಿಯನ್ನು ಮುಂದಿಟ್ಟು ಹೂಡಿಕೆ ಕೇಳುವ ಯಾವುದೇ ಪ್ರಸ್ತಾಪ ಬಂದಾಗ, ಅಲ್ಲಿ ಎಷ್ಟಿದೆ ಎಂದು ಕೇಳುವ ಮೊದಲು ತರಲು ಎಷ್ಟಾಗುತ್ತದೆ ಎಂದು ಕೇಳುವುದು ಲೇಸು.